ಜಿಂಕೆಯು ಮಲಗುವ ಜಾಗ

ಹೋದ ತಿಂಗಳು ಗೀಜಗನ ಗೂಡಿನ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಿದ್ದೆವು. ಈ ತಿಂಗಳಿನ ವಿಷಯವನ್ನು ನಮಗೆ ಒದಗಿಸಿಕೊಟ್ಟವನು ನಮ್ಮ ಮೊಮ್ಮಗನು. ವಸಂತಪುರದ ವಸಂತವಲ್ಲಭರಾಯಸ್ವಾಮಿಯ ದರ್ಶನವನ್ನು ಮಾಡಿಕೊಂಡು ಮನೆಗೆ ಹಿಂದಿರುಗುತ್ತಿರುವಾಗ, ತಾನು ಪುಸ್ತಕದಲ್ಲಿ ಕಂಡಿದ್ದ ಅಷ್ಟದಿಕ್ಪಾಲಕರ ಚಿತ್ರವನ್ನು ನೆನೆದು, “ತಾತ, ಇಂದ್ರನಿಗೆ ಆನೆ, ಯಮನಿಗೆ ಕೋಣ, ಅಷ್ಟು ಬಲಶಾಲಿಯಾದ ವಾಯುವಿಗೆ ಮಾತ್ರ ಜಿಂಕೆಯೇಕೆ? ಅದು ಅಂಜುಬುರುಕ ಪ್ರಾಣಿಯಲ್ಲವೆ?” ಎಂದು ಕೇಳಿದನು. “ವೇಗದಲ್ಲಿ ಎರಡೂ ಸಮಾನವಾದುದರಿಂದ” ಎಂದು ಹೇಳಿ ನಾವು ಆ ಹೊತ್ತಿಗೆ ತಪ್ಪಿಸಿಕೊಂಡೆವು. ಆದರೆ ಮನೆಗೆ ಬಂದು ಯೋಚಿಸಿ ನೋಡಲಾಗಿ, ನಾವು ಹೇಳಿದುದು ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರವೆಂದು ತೋರಿತು. ಜಿಂಕೆಯು ಓಡುವುದು ಅದರ ದಿನದಲ್ಲಿ ಕೆಲವು ಕ್ಷಣಗಳ ಕೆಲಸ. ಉಳಿದ ಹೊತ್ತಿನಲ್ಲಿ ಬಹುಭಾಗವನ್ನು ಅದು ಮಲಗಿ ಕಳೆಯುವುದು. ಗಾಳಿಯೊಡನೆ ಅದಕ್ಕಿರುವ ನಿಜವಾದ ನಂಟು ಕಾಣುವುದು ಅದು ಓಡುವಾಗಲ್ಲ, ಮಲಗುವಾಗ.

ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದ ವಾಚಕರಿಗೆ ವಾಯುವಿನ ಹೆಸರುಗಳಲ್ಲಿ ‘ಪೃಷದಶ್ವ’ ಎಂಬುದೂ ‘ಗಂಧವಹ’ ಎಂಬುದೂ ನೆನಪಿರಬಹುದು. ಪೃಷತವೆಂದರೆ ಚುಕ್ಕೆಯುಳ್ಳ ಜಿಂಕೆ. ಗಂಧವಹನೆಂದರೆ ವಾಸನೆಯನ್ನು ಹೊತ್ತು ತರತಕ್ಕವನು. ಅದೇ ಕೋಶದಲ್ಲಿ ಒಂದು ಬಗೆಯ ಮೃಗಕ್ಕೆ ‘ವಾತಪ್ರಮೀ’ ಎಂಬ ಹೆಸರೂ ಉಂಟು. ಗಾಳಿಯನ್ನು ಅಳೆಯುವುದು ಎಂಬ ಅರ್ಥ ಅದರಲ್ಲಿ ಅಡಗಿದೆ. ಗಾಳಿಯು ವಾಸನೆಯನ್ನು ಹೊರುವುದು, ಮೃಗವು ಆ ಗಾಳಿಯನ್ನು ಅಳೆಯುವುದು: ಈ ಎರಡು ಮಾತುಗಳನ್ನು ಕೈಯಲ್ಲಿ ಹಿಡಿದುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುವುದು.

ನಮ್ಮ ಬೆಂಗಳೂರಿನವರು ಜಿಂಕೆಯನ್ನು ಕಾಣುವುದಕ್ಕೆ ಬಹುದೂರ ಹೋಗಬೇಕಾದುದಿಲ್ಲ. ವಸಂತಪುರಕ್ಕೆ ದಕ್ಷಿಣದಲ್ಲಿ ಏಳೆಂಟು ಮೈಲಿಗಳ ದೂರದಲ್ಲಿಯೇ, ೧೯೭೪ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟದ ಕಾಡು ಇದೆ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಇವು ಮೂರೂ ನಿಜವಾದ ಜಿಂಕೆಯ ಕುಲಕ್ಕೆ ಸೇರಿದವು. ವರ್ಷಕ್ಕೊಮ್ಮೆ ಕೊಂಬನ್ನು ಕಳಚಿ ಹೊಸತನ್ನು ಪಡೆಯತಕ್ಕವು. ನಮ್ಮ ಹಿರಿಯರು ಯಾರ ಚರ್ಮವನ್ನು ಪವಿತ್ರವೆಂದೆಣಿಸಿದರೋ ಆ ಕೃಷ್ಣಮೃಗವು ಕೊಂಬನ್ನು ಕಳಚುವುದಿಲ್ಲ. ಅದು ಹಸು ಕುರಿಗಳ ಕುಲಕ್ಕೆ ಸಮೀಪವಾದುದು. ಆದರೂ ಮಾತಿನಲ್ಲಿ ಎಲ್ಲವನ್ನೂ ಜಿಂಕೆಯೆನ್ನುವುದು ನಮ್ಮಲ್ಲಿ ರೂಢಿ.

ಈ ಪ್ರಾಣಿಗಳೆಲ್ಲವೂ ಮೆಲುಕು ಹಾಕತಕ್ಕವು. ಬಯಲಿಗೆ ಬಂದು ಅವಸರದಲ್ಲಿ ಮೇದುದನ್ನು ಹೊಟ್ಟೆಯ ಮೊದಲನೆಯ ಕೋಣೆಯಲ್ಲಿ ತುಂಬಿಕೊಂಡು, ಅನಂತರ ಒಂದು ಕಡೆ ಮಲಗಿ, ಅದನ್ನೇ ಮರಳಿ ಬಾಯಿಗೆ ತಂದು ನಿಧಾನವಾಗಿ ಅಗಿಯುವುವು. ನಮ್ಮ ಕೊಟ್ಟಿಗೆಯ ಹಸುವು ಮಧ್ಯಾಹ್ನದಲ್ಲಿ ಅರೆಗಣ್ಣು ಮುಚ್ಚಿ ಮಾಡುವ ಕೆಲಸವೇ ಇದು. ಆದುದರಿಂದ ಜಿಂಕೆಗೆ ಮಲಗುವ ಜಾಗವೆಂಬುದು ಹಾಸುಗೆಯೂ ಹೌದು, ಊಟದ ಮನೆಯೂ ಹೌದು. ಅಲ್ಲಿಂದ ಅಕಾಲದಲ್ಲಿ ಎಬ್ಬಿಸಿದರೆ ಅದರ ನಿದ್ರೆಯು ಕೆಡುವುದಷ್ಟೇ ಅಲ್ಲ, ತಿಂದ ಊಟವೂ ಕೆಡುವುದು. ಹಸುವಿಗಾದರೋ ಗೋಡೆಯುಂಟು, ಬಾಗಿಲುಂಟು, ಯಜಮಾನನುಂಟು. ಜಿಂಕೆಗೆ ಇವಾವುವೂ ಇಲ್ಲ. ಕಾಲನ್ನು ಮಡಿಸಿ ಕುಳಿತ ಪ್ರಾಣಿಯು ಎದ್ದು ಓಡುವುದಕ್ಕೆ ಒಂದೆರಡು ಕ್ಷಣಗಳು ಬೇಕು. ಹುಲಿಗೂ ಚಿರತೆಗೂ ಬೇಕಾದುದು ಆ ಒಂದೆರಡು ಕ್ಷಣಗಳೇ. ಹೀಗಿರುವಲ್ಲಿ, ಶತ್ರುವು ಹತ್ತಿರಕ್ಕೆ ಬರುವ ಮುನ್ನವೇ ಅದರ ಸುದ್ದಿ ಬರುವಂತಹ ಜಾಗವನ್ನು ಆರಿಸಿಕೊಳ್ಳುವುದರ ಮೇಲೆ ಅದರ ಪ್ರಾಣವು ನಿಂತಿದೆ.

ಸುದ್ದಿಯು ಬರುವ ದಾರಿಗಳು ಮೂರು: ಕಣ್ಣು, ಕಿವಿ, ಮೂಗು. ಜಿಂಕೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಕತ್ತನ್ನು ತಿರುಗಿಸದೆಯೇ ಸುತ್ತಲಿನ ಬಹುಭಾಗವು ಅದಕ್ಕೆ ಕಾಣುವುದು. ಆದರೆ ಅಲುಗಾಡದೆ ನಿಂತ ವಸ್ತುವನ್ನು ಅದು ಸುಲಭವಾಗಿ ಗುರುತಿಸಲಾರದು. ಕಿವಿಗಳು ಒಂದೊಂದೂ ಬೇರೆಬೇರೆ ದಿಕ್ಕಿಗೆ ತಿರುಗುವುವು. ಆದರೆ ಗಾಳಿಯು ಜೋರಾಗಿ ಬೀಸಿ ಎಲೆಗಳು ಸದ್ದು ಮಾಡುವ ದಿನ ಕಿವಿಯ ಉಪಯೋಗವು ಕಡಮೆಯಾಗುವುದು. ಮೂಗಿನ ಶಕ್ತಿಯಾದರೋ ಅಪಾರವಾದುದು. ಆದರೆ ಗಾಳಿಯು ಬರುವ ಕಡೆಯ ಸುದ್ದಿಯನ್ನು ಮಾತ್ರ ಅದು ತಿಳಿಯಬಲ್ಲುದು. ಗಾಳಿಯು ಹೋಗುವ ಕಡೆಯಲ್ಲಿ ಏನಿದ್ದರೂ ಮೂಗಿಗೆ ತಿಳಿಯದು. ಅಷ್ಟು ಮಾತ್ರವಲ್ಲ, ತನ್ನ ಮೈಯ ವಾಸನೆಯೇ ಆ ಕಡೆಗೆ ಹರಿದುಹೋಗಿ ತಾನಿರುವ ಸ್ಥಳವನ್ನು ಸಾರುವುದು.

ಆದುದರಿಂದ ಬುದ್ಧಿಯುಳ್ಳ ಪ್ರಾಣಿಯು ಮಾಡತಕ್ಕುದೇನು? ಪೊದೆಯನ್ನೋ ಬಂಡೆಯನ್ನೋ ಬೆನ್ನಿಗೆ ಮಾಡಿಕೊಂಡು, ಗಾಳಿಯು ಬೆನ್ನ ಕಡೆಯಿಂದ ಬರುವಂತೆ ಮಲಗಿ, ಗಾಳಿಯು ಹೋಗುವ ಕಡೆಗೆ ಮುಖಮಾಡಿಕೊಂಡರೆ, ಕಣ್ಣಿಗೆ ಕಾಣದ ಹಿಂಬದಿಯನ್ನು ಮೂಗು ಕಾಯುವುದು, ಮೂಗಿಗೆ ತಿಳಿಯದ ಮುಂಬದಿಯನ್ನು ಕಣ್ಣು ಕಾಯುವುದು. ಅಮೆರಿಕ ದೇಶದ ಬೇಟೆಗಾರರು ಅಲ್ಲಿನ ಬಿಳಿಬಾಲದ ಜಿಂಕೆಯ ವಿಷಯದಲ್ಲಿ ಹೇಳುವುದು ಇದನ್ನೇ. ನಮ್ಮ ಕಾಡಂಚಿನ ದನಗಾಹಿಗಳು ಹೇಳುವುದೂ ಇದನ್ನೇ.

ಇದು ಎಷ್ಟು ಯುಕ್ತವಾದ ಏರ್ಪಾಡೆಂಬುದಕ್ಕೆ ಶತ್ರುಪಕ್ಷದಿಂದಲೇ ಒಂದು ಸಾಕ್ಷ್ಯವುಂಟು. ಹೆಸರುವಾಸಿಯಾದ ಬೇಟೆಗಾರ ಜಿಮ್ ಕಾರ್ಬೆಟ್ಟನು ಕುಮಾವೂನಿನ ನರಭಕ್ಷಕ ಹುಲಿಗಳ ವಿಷಯವಾಗಿ ೧೯೪೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸ್ವಾರಸ್ಯವನ್ನು ತಿಳಿಸಿರುವನು. ಮನುಷ್ಯನ ಮೂಗು ಕೆಲಸಕ್ಕೆ ಬಾರದುದೆಂಬುದು ಹುಲಿಗೆ ಗೊತ್ತಿಲ್ಲ. ಆದುದರಿಂದ ಅದು ಮನುಷ್ಯನನ್ನು ಹಿಡಿಯಲು ಹೊರಟಾಗಲೂ, ಜಿಂಕೆಯನ್ನು ಹಿಡಿಯುವಂತೆಯೇ, ತನ್ನ ವಾಸನೆಯು ಅವನಿಗೆ ತಾಗದ ಕಡೆಯಿಂದ, ಎಂದರೆ ಗಾಳಿಯು ಹೋಗುವ ಕಡೆಯಿಂದ, ಹೊಂಚಿ ಬರುವುದು. ಇದನ್ನರಿತ ಬೇಟೆಗಾರನು ಆ ಒಂದು ಕಡೆಯನ್ನು ವಿಶೇಷವಾಗಿ ಕಾದುಕೊಂಡರೆ ಅಪಾಯವು ಬಹುಮಟ್ಟಿಗೆ ಕಡಮೆಯಾಗುವುದು. ಬಂದೂಕವನ್ನು ಹಿಡಿದ ಮನುಷ್ಯನು ಯೋಚಿಸಿ ಕಂಡುಕೊಂಡ ಈ ಉಪಾಯವನ್ನು ಜಿಂಕೆಯು ದಿನವೂ ಮಲಗುವಾಗ ಆಚರಿಸುತ್ತಿದೆ.

ಬಯಲಿನಲ್ಲಿ ಗಾಳಿಯನ್ನು ತಿಳಿಯುವುದು ಸುಲಭ. ಗುಡ್ಡಗಳಲ್ಲಿ ಅಷ್ಟು ಸುಲಭವಲ್ಲ. ಅಲ್ಲಿ ಗಾಳಿಯು ಹಗಲೊಂದು ದಾರಿಯನ್ನೂ ರಾತ್ರಿಯೊಂದು ದಾರಿಯನ್ನೂ ಹಿಡಿಯುವುದು. ಬಿಸಿಲಿನ ಕಾವಿಗೆ ಇಳಿಜಾರಿನ ನೆಲವು ಕಾದಾಗ ಅದಕ್ಕೆ ತಗುಲಿದ ಗಾಳಿಯು ಹಗುರವಾಗಿ ಮೇಲಕ್ಕೇರುವುದು. ಸೂರ್ಯನು ಮುಳುಗಿ ನೆಲವು ತಣ್ಣಗಾದ ಮೇಲೆ ಅದೇ ಗಾಳಿಯು ತಂಪಾಗಿ ಭಾರವಾಗಿ ನೀರಿನಂತೆ ಕಣಿವೆಗೆ ಇಳಿಯುವುದು. ಬೆಟ್ಟದ ಮಗ್ಗುಲಿನ ಹಳ್ಳಿಗಳಲ್ಲಿ ಸಂಜೆಯ ಒಲೆಯ ಹೊಗೆಯು ಮೇಲಕ್ಕೇರದೆ ತಗ್ಗಿನ ಗದ್ದೆಯ ಮೇಲೆ ಹಾಸಿಕೊಂಡಿರುವುದನ್ನು ವಾಚಕರು ಕಂಡಿರಬಹುದು. ಅದು ಇದರ ಗುರುತು.

ಈಗ ಕಡವೆಯ ದಿನಚರಿಯನ್ನು ನೋಡಿರಿ. ಅದು ಹಗಲೆಲ್ಲ ಗುಡ್ಡದ ಇಳಿಜಾರಿನಲ್ಲಿ ದಟ್ಟವಾದ ಪೊದೆಗಳ ನಡುವೆ ಮಲಗಿದ್ದು, ಸಂಜೆ ಮಬ್ಬಾದ ಮೇಲೆ ನೀರಿಗೂ ಮೇವಿಗೂ ತಗ್ಗಿಗೆ ಇಳಿಯುವುದು. ಹಗಲಿನಲ್ಲಿ ಗಾಳಿಯು ಏರುತ್ತಿರುವುದರಿಂದ ಕಣಿವೆಯಲ್ಲಿ ನಡೆದಾಡುವವರ ವಾಸನೆಯು ಮೇಲೆ ಮಲಗಿದವರ ಮೂಗಿಗೆ ತಾನಾಗಿ ಬಂದು ಸೇರುವುದು. ಕತ್ತಲಾದ ಮೇಲೆ ಗಾಳಿಯು ಇಳಿಯುವುದರಿಂದ, ತಗ್ಗಿನಲ್ಲಿರುವ ಪ್ರಾಣಿಗೆ ಗುಡ್ಡದ ಮೇಲಿನ ಸುದ್ದಿಯು ಬರುವುದು. ಹಗಲಿನ ಜಾಗವೂ ರಾತ್ರಿಯ ಜಾಗವೂ ಗಾಳಿಯ ಈ ಹೋಗುಬರುವಿಕೆಗೆ ಹೀಗೆ ಒಪ್ಪಿರುವುವು.

ಇದರ ಮೇಲೆ ಋತುವಿನ ಗಾಳಿಯೊಂದು ಬೇರೆ. ನಮ್ಮ ಸೀಮೆಯಲ್ಲಿ ಆಷಾಢ ಶ್ರಾವಣಗಳಲ್ಲಿ ಗಾಳಿಯು ಪಶ್ಚಿಮ ನೈಋತ್ಯಗಳಿಂದ ಬೀಸುವುದು. ಮಾರ್ಗಶಿರ ಪುಷ್ಯಗಳಲ್ಲಿ ಪೂರ್ವ ಈಶಾನ್ಯಗಳಿಂದ ಬೀಸುವುದು. ಆಷಾಢದಲ್ಲಿ ಗುಡ್ಡದ ಪೂರ್ವದ ಮಗ್ಗುಲಿನಲ್ಲಿ, ನೆತ್ತಿಗಿಂತ ಸ್ವಲ್ಪ ಕೆಳಗೆ ಮಲಗಿದ ಪ್ರಾಣಿಗೆ ಕೊರೆಯುವ ಗಾಳಿಯು ನೇರವಾಗಿ ತಗುಲದು. ಆದರೂ ನೆತ್ತಿಯನ್ನು ದಾಟಿ ಬರುವ ಗಾಳಿಯು ಬೆನ್ನ ಹಿಂದಿನ ಸುದ್ದಿಯನ್ನು ತರುತ್ತಿರುವುದು. ಎದುರಿಗೆ ಕಣಿವೆಯೆಲ್ಲವೂ ಕಣ್ಣಿಗೆ ಕಾಣುತ್ತಿರುವುದು. ಪುಷ್ಯಮಾಸದಲ್ಲಿ ಇದೇ ಅನುಕೂಲವು ಪಶ್ಚಿಮದ ಮಗ್ಗುಲಿಗೆ ಹೋಗುವುದು. ಗುಡ್ಡದ ಬುಡದ ಇಕ್ಕಟ್ಟಾದ ಹಳ್ಳಗಳಲ್ಲಿಯಾದರೋ ಗಾಳಿಯು ಸುಳಿಸುಳಿಯಾಗಿ ತಿರುಗುವುದರಿಂದ ಯಾವ ವಾಸನೆಯು ಯಾವ ದಿಕ್ಕಿನದೆಂದು ಹೇಳಲಾಗದು. ಮೇಲೆ ನೋಡುವುದಕ್ಕೆ ಮರೆಯಾದ ಆ ಜಾಗವು ಮನುಷ್ಯನಿಗೆ ಕ್ಷೇಮವೆಂದು ತೋರೀತು. ಗಾಳಿಯನ್ನು ನಂಬಿ ಬಾಳುವ ಪ್ರಾಣಿಗೆ ಅದು ಕಿವುಡನ ಮನೆಯಂತೆ.

ಎಲ್ಲ ಜಿಂಕೆಗಳ ನೀತಿಯೂ ಒಂದೇ ಎಂದು ತಿಳಿಯಬಾರದು. ಕಡವೆಯು ಒಂಟಿಯಾಗಿಯೋ ಎರಡು ಮೂರರ ಗುಂಪಾಗಿಯೋ ಇರುವುದು. ಆದುದರಿಂದ ಮರೆಯನ್ನು ನಂಬುವುದು. ಚುಕ್ಕೆ ಜಿಂಕೆಯು ಹಿಂಡಿನ ಪ್ರಾಣಿ. ಅದು ನೆರೆಹೊರೆಯನ್ನು ನಂಬುವುದು. ಹಗಲಿನ ಬಿಸಿಲಿನಲ್ಲಿ ಮರದ ನೆರಳನ್ನು ಸೇರಿದರೂ ರಾತ್ರಿಯಾಗುತ್ತಲೇ ಅದು ಪೊದೆಗಳನ್ನು ಬಿಟ್ಟು ಬಯಲಿಗೆ ಬರುವುದು. ಚಿರತೆಯು ಹೊಂಚುವುದಕ್ಕೆ ಮರೆ ಬೇಕು, ಬಯಲಿನಲ್ಲಿ ಮರೆಯಿಲ್ಲ. ಮೈಸೂರು ಅರಸರ ಕಾಲದಲ್ಲಿ, ೧೯೩೧ರಲ್ಲಿ, ಅಭಯಾರಣ್ಯವಾಗಿ ಆರಂಭವಾದ ಬಂಡೀಪುರಕ್ಕೆ ಹೋದವರು, ಸಂಜೆಯ ಹೊತ್ತಿಗೆ ಅರಣ್ಯ ಇಲಾಖೆಯ ವಸತಿಗೃಹಗಳ ಮುಂದಣ ಬಯಲಿನಲ್ಲಿ ಈ ಜಿಂಕೆಗಳು ಬಂದು ನೆರೆಯುವುದನ್ನು ನೋಡಿಯೇ ಇರುವರು. ಹುಲಿ ಚಿರತೆಗಳು ಜನರ ಸಮೀಪಕ್ಕೆ ಬರಲು ಹಿಂಜರಿಯುವುದರಿಂದ, ಜನರಿಗೆ ಅಂಜುವ ಜಿಂಕೆಯೇ ಜನರ ಬಾಗಿಲಿಗೆ ಬಂದು ಮಲಗುವುದೆಂದು ತಿಳಿದವರು ಹೇಳುವರು. ಹಿಂಡಿನಲ್ಲಿ ಒಂದು ಮೆಲುಕು ಹಾಕುತ್ತಿದ್ದರೆ ಇನ್ನೊಂದು ತಲೆಯೆತ್ತಿರುವುದು. ಎಲ್ಲವೂ ಏಕಕಾಲದಲ್ಲಿ ಮೈಮರೆಯುವುದು ಅಪೂರ್ವ. ಹಗಲಿನಲ್ಲಿ ಮರದ ಮೇಲಿನ ಮುಸುವವು ಇವಕ್ಕೆ ಕಾವಲುಗಾರನು. ಅದು ಚೆಲ್ಲಿದ ಚಿಗುರು ಕಾಯಿಗಳು ಕೆಳಗಿನ ಜಿಂಕೆಗೆ ಆಹಾರ, ಅದರ ಕೂಗು ಜಿಂಕೆಗೆ ಎಚ್ಚರಿಕೆ.

ಕೃಷ್ಣಮೃಗವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ೧೯೭೪ರಲ್ಲಿ ಸ್ಥಾಪಿತವಾದ ೧೧೯ ಚದರ ಕಿಲೋಮೀಟರುಗಳ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿಯೂ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿಯೂ ಅದು ಮರೆಯೆಂಬುದೇ ಇಲ್ಲದ ಬಯಲಿನ ನಡುವೆ ಮಲಗುವುದು. ಕಣ್ಣೇ ಅದರ ಕೋಟೆ, ಕಾಲೇ ಅದರ ಆಯುಧ.

ಇಷ್ಟನ್ನು ಬರೆದ ನಾವು ಇದನ್ನೆಲ್ಲ ಪುಸ್ತಕದಿಂದಲೇ ಕಲಿತೆವೆಂದು ವಾಚಕರು ಭಾವಿಸಬಹುದು. ಹಾಗಲ್ಲ. ಇದರ ಮೊದಲನೆಯ ಪಾಠವನ್ನು ನಾವು ಒಂದು ಜೀವದ ಬೆಲೆಯನ್ನು ತೆತ್ತು ಕಲಿತೆವು. ಅದನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕತೆಯಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಕಾಡಿನ ಅಂಚಿನ ಒಂದು ಹಳ್ಳಿಯ ಪಾಠಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಶಕುಂತಲೆಯು ಆಶ್ರಮದಲ್ಲಿ ತಾಯಿಯಿಲ್ಲದ ಜಿಂಕೆಯ ಮರಿಯನ್ನು ಮಗುವಿನಂತೆ ಸಾಕಿದ ಕಥೆಯನ್ನು ಹುಡುಗರಿಗೆ ಹೇಳಿ ಒಂದು ವಾರವಾಗಿರಲಿಲ್ಲ. ಒಂದು ಬೆಳಗ್ಗೆ ಐದನೆಯ ತರಗತಿಯ ಹುಡುಗನೊಬ್ಬನು ತನ್ನ ಅಂಗಿಯಲ್ಲಿ ಸುತ್ತಿಕೊಂಡು ಚುಕ್ಕೆ ಜಿಂಕೆಯ ಮರಿಯೊಂದನ್ನು ತಂದನು. “ತಾಯಿ ಬಿಟ್ಟು ಹೋಗಿತ್ತು ಸಾರ್, ಒಂದೇ ಬಿದ್ದಿತ್ತು, ಮುಟ್ಟಿದರೂ ಅಲುಗಾಡಲಿಲ್ಲ” ಎಂದನು. ನಾವು ಅವನ ದಯೆಯನ್ನು ಇಡೀ ತರಗತಿಯ ಮುಂದೆ ಕೊಂಡಾಡಿದೆವು. ಪಾಠಶಾಲೆಯ ಜಗಲಿಯಲ್ಲಿ ಗೋಣಿಯನ್ನು ಹಾಸಿ, ಹಸುವಿನ ಹಾಲನ್ನು ಬಟ್ಟೆಯ ಬತ್ತಿಯಿಂದ ಕುಡಿಸಿದೆವು. ಮರಿಯು ಮೊದಲನೆಯ ದಿನ ಸ್ವಲ್ಪ ಕುಡಿಯಿತು. ಎರಡನೆಯ ದಿನ ಅದಕ್ಕೆ ಹೊಟ್ಟೆ ಕೆಟ್ಟಿತು. ಮೂರನೆಯ ದಿನ ನಾವು ಬಾಗಿಲು ತೆರೆಯುವ ಹೊತ್ತಿಗೆ ಅದು ಸತ್ತಿತ್ತು.

ಅದನ್ನು ಹೂಳುವುದಕ್ಕೆ ಗುಣಿಯನ್ನು ತೋಡಿಕೊಟ್ಟ ಮುದುಕ ದನಗಾಹಿಯು ನಮ್ಮನ್ನೂ ಆ ಹುಡುಗನನ್ನೂ ಕರೆದುಕೊಂಡು ಮರಿಯು ಸಿಕ್ಕಿದ್ದ ಸ್ಥಳಕ್ಕೆ ಹೋದನು. ಲಂಟಾನದ ಪೊದೆಯ ಮಗ್ಗುಲಲ್ಲಿ ಒಂದು ಮೊರದಷ್ಟು ಅಗಲವಾಗಿ ಹುಲ್ಲು ಒರಗಿತ್ತು. ಅದರ ಸುತ್ತಲೂ ಒದ್ದೆ ನೆಲದಲ್ಲಿ ತಾಯಿಯ ಗೊರಸಿನ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ಅದು ಬಂದು ಬಂದು ಸುತ್ತಿ ಸುತ್ತಿ ಹುಡುಕಿತ್ತು. ಮುದುಕನು ಒಣಗಿದ ಮಣ್ಣಿನ ಹೆಂಟೆಯೊಂದನ್ನು ಪುಡಿಮಾಡಿ ಬೆರಳುಗಳ ನಡುವಿನಿಂದ ಬಿಟ್ಟನು. ಧೂಳು ನಮ್ಮ ಮುಂದುಗಡೆಯ ದಿಣ್ಣೆಯ ಕಡೆಗೆ ಹೋಯಿತು. “ಅಲ್ಲಿ ನಿಂತಿರ್ತದೆ ತಾಯಿ. ಮರಿ ಕೂಗಿದ್ರೆ ಕೇಳೋವಷ್ಟು ದೂರ. ಇಲ್ಲಿಗೆ ಯಾರು ಬಂದ್ರೂ ಗಾಳಿ ಅದಕ್ಕೆ ಹೇಳ್ತದೆ” ಎಂದನು. ಆಮೇಲೆ ನಮ್ಮ ಮುಖವನ್ನು ನೋಡದೆ, “ಮೇಷ್ಟ್ರೇ, ಅದು ಬುಟ್ಟೋಗಿದ್ದಲ್ಲ, ಮಡಗೋಗಿದ್ದು” ಎಂದನು.

ಬಿಟ್ಟುಹೋಗುವುದಕ್ಕೂ ಇಟ್ಟುಹೋಗುವುದಕ್ಕೂ ಇರುವ ಅಂತರವನ್ನು ವ್ಯಾಕರಣವನ್ನು ಬೋಧಿಸುತ್ತಿದ್ದ ನಮಗೆ ಅಕ್ಷರವರಿಯದ ಆತನು ಕಲಿಸಿದನು. ಹುಡುಗನು ಅಂದು ಅತ್ತನು. ಅವನದು ತಪ್ಪಲ್ಲ, ಅವನನ್ನು ಕೊಂಡಾಡಿದ ನಮ್ಮದು ಎಂದು ಅವನಿಗೆ ಹೇಳಿದೆವು. ಅದು ಸತ್ಯವೂ ಆಗಿತ್ತು.

ಇದರ ಮರ್ಮವು ಹೀಗಿದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮರಿಯು ತಾಯಿಯೊಡನೆ ಓಡಲಾರದು. ಆದರೆ ಅದರ ಮೈಗೆ ವಾಸನೆಯು ಬಹಳ ಸ್ವಲ್ಪ. ತಾಯಿಯು ಅದನ್ನು ನೆಕ್ಕಿ ನೆಕ್ಕಿ ಶುಚಿಮಾಡುವುದು; ಅದರ ಮಲಮೂತ್ರಗಳನ್ನು ಸಹ ತಾನೇ ನೆಕ್ಕಿ ಇಲ್ಲದಂತೆ ಮಾಡುವುದು. ಮೈಮೇಲಿನ ಚುಕ್ಕೆಗಳು ಎಲೆಗಳ ನಡುವೆ ಬಿದ್ದ ಬಿಸಿಲಿನಂತೆ ಕಾಣುವುವು. ಹೀಗೆ ಕಣ್ಣಿಗೂ ಮೂಗಿಗೂ ಮರೆಯಾದ ಮರಿಯ ಪಕ್ಕದಲ್ಲಿ ತಾಯಿಯು ತಾನೂ ಮಲಗಿದರೆ, ತಾಯಿಯ ಮೈವಾಸನೆಯೇ ಶತ್ರುವನ್ನು ಕರೆತರುವುದು. ಆದುದರಿಂದ ಅದು ಮರಿಯನ್ನು ಅಡಗಿಸಿಟ್ಟು ತಾನು ದೂರ ಸರಿಯುವುದು. ಹಾಲೂಡುವ ಹೊತ್ತಿಗೆ ಮಾತ್ರ ಬಂದು ಹೋಗುವುದು. ನಾವು ಅನಾಥವೆಂದುಕೊಂಡ ಮರಿಯು ತಾಯಿಯ ಕಾವಲಿನಲ್ಲಿಯೇ ಇತ್ತು. ಮುಟ್ಟಿದರೂ ಅಲುಗಾಡದೆ ಇದ್ದುದು ನಿಶ್ಶಕ್ತಿಯಿಂದಲ್ಲ. ಅಲುಗಾಡದಿರುವುದೇ ಅದು ಬಲ್ಲ ಒಂದೇ ರಕ್ಷಣೆ. ಶಕುಂತಲೆಯ ಮರಿಗೂ, ಭಾಗವತದ ಭರತನು ನದಿಯಿಂದೆತ್ತಿದ ಮರಿಗೂ ನಿಜವಾಗಿ ತಾಯಿಯಿರಲಿಲ್ಲ. ಕಾವ್ಯವು ನಮಗೆ ಸುಳ್ಳು ಹೇಳಿರಲಿಲ್ಲ. ಅದನ್ನು ತಪ್ಪು ಸ್ಥಳದಲ್ಲಿ ಅನ್ವಯಿಸಿದವರು ನಾವು.

ಚುಕ್ಕೆ ಜಿಂಕೆಯು ನಮ್ಮ ಸೀಮೆಯಲ್ಲಿ ವರ್ಷದ ಯಾವ ಕಾಲದಲ್ಲಿಯಾದರೂ ಮರಿಹಾಕಬಹುದು. ಬನ್ನೇರುಘಟ್ಟದ ಅಂಚಿನವರೆಗೂ ಈಗ ಮನೆಗಳಾಗಿರುವುವು. ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಕಾಡಂಚಿಗೆ ಹೋಗುವ ಗೃಹಸ್ಥರೂ ಹೆಚ್ಚಾಗಿರುವರು. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹುಲ್ಲಿನಲ್ಲಿ ಮರಿಯೊಂದು ಒಂಟಿಯಾಗಿ ಮಲಗಿರುವುದು ಕಂಡರೆ ಎತ್ತಬೇಡಿರಿ, ಹತ್ತಿರ ನಿಂತು ಚಿತ್ರ ತೆಗೆಯಬೇಡಿರಿ. ಬಂದ ದಾರಿಯಲ್ಲಿಯೇ ಸದ್ದಿಲ್ಲದೆ ಹಿಂದಿರುಗಿರಿ. ನೀವು ನಿಂತಿರುವಷ್ಟು ಹೊತ್ತೂ ತಾಯಿಯು ಬರಲಾರದು. ತಿಳಿಯದೆ ಎತ್ತಿದ್ದಾದರೆ ತಡಮಾಡದೆ ಅದೇ ಸ್ಥಳದಲ್ಲಿ ಇಟ್ಟು ದೂರ ಹೋಗಿರಿ. ಮನುಷ್ಯನ ಕೈ ತಾಕಿದ ಮರಿಯನ್ನು ತಾಯಿಯು ಸೇರಿಸದೆಂಬ ನಂಬಿಕೆಗೆ ಆಧಾರವಿಲ್ಲ. ಸಾಮಾನ್ಯವಾಗಿ ಅದು ಬಂದು ತನ್ನ ಮರಿಯನ್ನು ಕೂಡಿಕೊಳ್ಳುವುದು. ಗಾಯಗೊಂಡ ಮರಿಯಾಗಲಿ, ಸತ್ತ ತಾಯಿಯ ಬಳಿಯ ಮರಿಯಾಗಲಿ ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಮನೆಗೆ ತಂದು ಸಾಕತಕ್ಕದ್ದಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡಿನ ಪ್ರಾಣಿಯನ್ನು ಹಿಡಿಯುವುದನ್ನೂ ಬೇಟೆಯೆಂದೇ ಎಣಿಸುವುದು. ಸಾಕುನಾಯಿಗಳನ್ನು ಕಾಡಂಚಿನಲ್ಲಿ ಬಿಚ್ಚಿಬಿಡುವ ಅಭ್ಯಾಸವುಳ್ಳವರು ಅದನ್ನು ಬಿಡುವುದು ಒಳ್ಳೆಯದು. ನಾಯಿಯು ತಿನ್ನದಿದ್ದರೂ, ಮಲಗಿದ್ದುದನ್ನು ಎಬ್ಬಿಸಿ ಓಡಿಸುವುದಷ್ಟೇ ಸಾಕಾದಷ್ಟು ಕೇಡು.

ಮೊಮ್ಮಗನ ಪ್ರಶ್ನೆಗೆ ಉಳಿದಿದ್ದ ಅರ್ಧವನ್ನು ನಿನ್ನೆಯ ಸಂಜೆ ಹೇಳಿದೆವು. ಜಿಂಕೆಯು ವಾಯುವಿನಷ್ಟು ವೇಗವಾಗಿ ಓಡುವುದರಿಂದ ಮಾತ್ರವಲ್ಲ, ವಾಯುವು ಹೇಳಿದ ಮಾತನ್ನು ಅದರಷ್ಟು ಗಮನವಿಟ್ಟು ಕೇಳತಕ್ಕವರು ಬೇರೆ ಯಾರೂ ಇಲ್ಲವಾದುದರಿಂದಲೂ ಅದನ್ನು ವಾಹನವೆಂದಿರಬಹುದು ಎಂದೆವು. ಹುಡುಗನು ಅಂಗಳಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು ಬೆರಳುಗಳ ನಡುವಿನಿಂದ ಬಿಟ್ಟು ನೋಡಿದನು. ಧೂಳು ಒಗೆದು ಹರವಿದ್ದ ಬಟ್ಟೆಗಳ ಮೇಲೆ ಬಿದ್ದುದರಿಂದ ಅವನ ಅಜ್ಜಿಯಿಂದ ನಮ್ಮಿಬ್ಬರಿಗೂ ಪಾಠವಾಯಿತು.

ಮುಂದಿನ ತಿಂಗಳು ಇರುವೆಗಳು ಮಳೆಯನ್ನು ಮೊದಲೇ ಅರಿಯುವುವೆಂಬ ಮಾತಿನ ನಿಜವೆಷ್ಟೆಂಬುದನ್ನು ವಿಚಾರಿಸುವೆವು.